ಮಾಸ್ಟರರ ಎಡಗಡೆ

ಮಗಳು ವಕೀಲಿಕೆ ಶುರುಮಾಡುವ ದಿನ ತೊಡುವ ಕರಿ ಕೋಟನ್ನು ತಾವೇ ಹೊಲಿಯಬೇಕೆಂಬುದು ಟೈಲರ್ ಮಾಸ್ಟರರ ಹಟ. ನಲವತ್ತು ವರ್ಷ ಮಿಷನ್ ತುಳಿದ ಕಾಲು ಅವರದು. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಕಣ್ಣಳತೆಯಲ್ಲೇ ಹೆಗಲ ಅಗಲ ಹೇಳಿಬಿಡುತ್ತಿದ್ದರು.

ಅಂಥವರಿಗೆ ಪಾರ್ಶ್ವವಾಯು ಬಡಿಯಿತು, ಅದೂ ಮಿದುಳಿನ ಬಲಭಾಗಕ್ಕೆ. ಎಡಗೈ ಮೂರು ತಿಂಗಳಲ್ಲಿ ಚೇತರಿಸಿಕೊಂಡಿತು. ಮಾತಂತೂ ಒಂದು ದಿನವೂ ನಿಲ್ಲಲಿಲ್ಲ. ಎಲ್ಲ ಸರಿಹೋಯಿತೆಂದು ಅಂಗಡಿ ತೆರೆದು, ಕೋಟು ಹೊಲಿದು, ಇಸ್ತ್ರಿ ಮಾಡಿ ಮಗಳ ಮುಂದೆ ಹಿಡಿದರು. ಅದಕ್ಕೆ ಒಂದೇ ತೋಳು! ಮೇಜಿನ ಮೇಲೆ ಅವರ ಎಡಕ್ಕಿದ್ದ ಕೋಟಿನ ಬಲತೋಳು ಕತ್ತರಿಸಿಟ್ಟಲ್ಲೇ ಬಿದ್ದಿತ್ತು.

“ಅಪ್ಪಾ, ಇನ್ನೊಂದು ತೋಳು?”

“ಎಲ್ಲಾ ಹೊಲ್ದಿದೀನಲ್ಲಮ್ಮ, ನಿಂಗೇನು ಕಣ್ಣು ಕಾಣಲ್ವಾ?” ಎಂದು ಅವರೇ ಗದರಿದರು. ಮಗಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಆಸ್ಪತ್ರೆಯ ಥೆರಪಿಸ್ಟ್ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. “ಕಣ್ಣು ಚೆನ್ನಾಗೇ ಇದೆ ಮಾಸ್ಟರೇ. ಮಿದುಳಿನ ಎರಡು ಭಾಗ ನಿಮ್ಮ ಕತ್ತರಿಯ ಎರಡು ಅಲಗಿದ್ದಂಗೆ, ಕೂಡಿದ್ರೇನೇ ಕೆಲಸ. ಎಡಗಡೆ ಗಮನ ಇಡೋದು ಹೆಚ್ಚಾಗಿ ಬಲಭಾಗ. ಅದಕ್ಕೇ ಏಟು ಬಿದ್ದಿದೆ. ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, ಅದು ಸಿಗೋವರೆಗೂ ತಲೆ ತಿರುಗಿಸಿ.” ಮನೆಯವರನ್ನೂ ಬಿಡಲಿಲ್ಲ: “ಪಾಪ ಅಂತ ಬಲಗಡೆ ನಿಂತು ಮಾತಾಡ್ಬೇಡಿ. ಎಡಗಡೆ ನಿಲ್ಲಿ.”

ಮಾಸ್ಟರು ಪಟ್ಟಿ ಅಂಟಿಸುವ ಜಾತಿಯಲ್ಲ. ಮೇಜಿನ ಹಾಸುಬಟ್ಟೆಯ ಎಡ ಅಂಚಿಗೆ ಕೆಂಪು ದಾರ ಹೊಲಿದರು. “ಏನೇ, ಇಷ್ಟೇನಾ ಬಡಿಸೋದು?” ಎಂದು ಅವರು ಸಿಡುಕಿದಾಗೆಲ್ಲ ಹೆಂಡತಿ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಎಡಗಡೆ ಉಳಿದ ಊಟ ತೋರಿಸುತ್ತಿದ್ದರು. ಈಗ ಆ ತಟ್ಟೆಯ ಕೆಳಗೂ ಕೆಂಪಂಚಿನ ಬಟ್ಟೆ ಬಂತು. ಹಳೇ ಬಟ್ಟೆಯಲ್ಲಿ ಅದೇ ತೋಳನ್ನು ಹನ್ನೊಂದು ಸಲ ಬಿಚ್ಚಿ ಹೊಲಿದರು. ಕರತಲಾಮಲಕವಾಗಿದ್ದ ವಿದ್ಯೆಯನ್ನು ಮತ್ತೆ ಅ ಆ ಇ ಈಯಿಂದ ಕಲಿಯಲು ಎಂಟೆದೆ ಬೇಕು. ಅದು ಅವರಿಗಿತ್ತು.

ಕಷ್ಟವಾದದ್ದು ಮಗಳಿಗೆ. ಎಡಕ್ಕೆ ಒಂದು ಮಾರು ದೂರದಲ್ಲಿ ಅವಳು ನಿಂತೇ ಇರುವಳು. “ಎಲ್ಲಿ ಹೋದ್ಲು ಇವ್ಳು?” ಎಂದು ಅಪ್ಪ ಬಲಕ್ಕೆಲ್ಲ ಹುಡುಕುವರು. ಬಾಯಿಬಿಟ್ಟು ಕರೆಯಬಾರದು, ಕಾಯಬೇಕು ಎಂದು ಥೆರಪಿಸ್ಟ್ ಕಟ್ಟಪ್ಪಣೆ ಮಾಡಿದ್ದರು. ಸ್ವಂತ ಅಪ್ಪನಿಗೇ ತಾನು ಇಲ್ಲವಾದೆನೇನೋ ಎಂದು ಅವಳಿಗೆ ಅನಿಸುತ್ತಿತ್ತು.

ಕೋರ್ಟಿಗೆ ಹೋಗುವ ಹಿಂದಿನ ಸಂಜೆ ಅವಳು ಅಂಗಡಿಗೆ ಬಂದು ಸದ್ದಿಲ್ಲದೆ ಎಡಗಡೆ ನಿಂತಳು. ಕೋಟು ಮುಗಿದಿತ್ತು, ಎರಡು ತೋಳೂ ಇದ್ದವು. ಮೇಜಿನ ಮೇಲಿನ ಹಾಸುಬಟ್ಟೆ ಮಾತ್ರ ಕಾಣಲಿಲ್ಲ. ಒಗೆಯಲು ಮನೆಗೆ ಹೋಗಿತ್ತು. ಕೆಂಪು ದಾರವಿಲ್ಲದ ಮೇಜಿನೆದುರು ಅಪ್ಪ ಕೊನೆಯ ಗುಂಡಿಯ ದಾರ ಕಚ್ಚಿ ತುಂಡರಿಸಿದರು. ಅವರ ತಲೆ ನಿಧಾನವಾಗಿ ಎಡಕ್ಕೆ ತಿರುಗಿತು, ಮೇಜಿನ ಅಂಚು ದಾಟಿ ಇನ್ನೂ ತಿರುಗಿತು.

“ಅಲ್ಯಾಕೆ ಕಳ್ಳಿ ಥರ ನಿಂತಿದೀಯಾ? ಬಾ, ಕೈ ಹಾಕು. ಮೊದ್ಲು ಬಲಗೈ.”