ರೀಡಿಂಗ್ ಹೊಂದಿಸಿದವನು

ಗಿರಾವೀನ್ ಬಡಾವಣೆಯ ಹಳೆಯ ಮನೆ ಖಾಲಿ ಮಾಡಿ ಮೆಲ್ಬರ್ನಿಗೆ ಬಂದು ಸಾಮಾನು ಬಿಚ್ಚುವಾಗ ರಟ್ಟಿನ ಪೆಟ್ಟಿಗೆಯ ತಳದಲ್ಲಿ ಮಗಳ ಹಳೆಯ ಪುಸ್ತಕವೊಂದು ಸಿಕ್ಕಿತು. ಎಳೆಯರಿಗೆ ಎಲೆಕ್ಟ್ರಾನಿಕ್ಸ್ ಕಲಿಸುವ, ಪುಟಪುಟಕ್ಕೂ ಬಣ್ಣದ ತಂತಿಗಳ ಚಿತ್ರವಿರುವ ಪುಸ್ತಕ. ಪ್ರತಿ ಪ್ರಯೋಗದ ತಲೆಯ ಮೇಲೂ 'ದೊಡ್ಡವರ ಸಹಾಯ ಪಡೆಯಿರಿ' ಎಂದು ಕೆಂಪಕ್ಷರದಲ್ಲಿ ಇಂಗ್ಲಿಷಿನ ಸಾಲು. ಆ ದೊಡ್ಡವನು ನಾನೇ ಮಾರಾಯರೇ, ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ., ಅದೂ ಫಸ್ಟ್ ಕ್ಲಾಸ್.

ಆ ಡಿಗ್ರಿ ನಂಬಿಯೇ ಈ ದೇಶ ನನಗೆ ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿ, ಕೊಟ್ಟದ್ದು. ನಾನು ಕಲಿತದ್ದೇನೆಂದು ನಿಮಗೆ ಮಾತ್ರ ಹೇಳುತ್ತೇನೆ, ಕೇಳಿ. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮೀಟರುಗಳ ಮುಳ್ಳು ಮುನಿಸಿಕೊಂಡ ಅಳಿಯನಂತೆ ಕೂತಲ್ಲೇ ಕೂತಿರುತ್ತಿತ್ತು. ಹಾಗಾಗಿ ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ತಂದಿಟ್ಟುಕೊಂಡು, ಬರಬೇಕಾದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, ಅನುಮಾನ ಬಾರದಿರಲೆಂದು ಒಂದೆರಡು ಅಂಕಿಗಳನ್ನು ಬೇಕೆಂದೇ ಅತ್ತಿತ್ತ ಸರಿಸಿ, ಚೆಂದದ ಗ್ರಾಫ್ ಎಳೆಯುತ್ತಿದ್ದೆವು. ಅದಕ್ಕೆ 'ರೀಡಿಂಗ್ ಹೊಂದಿಸೋದು' ಎಂಬ ಸಭ್ಯ ಹೆಸರಿತ್ತು. ಸುಳ್ಳು ಎಂದು ಯಾರೂ ಕರೆಯಲಿಲ್ಲ, ಹತ್ತಕ್ಕೆ ಒಂಬತ್ತು ಕೊಟ್ಟರು. ಹೊರದೇಶದಲ್ಲಿ ಹೊಂದಿಕೊಳ್ಳಬೇಕು ಎನ್ನುತ್ತಾರಲ್ಲ, ನಾನು ಹೊಂದಿಕೊಂಡವನಲ್ಲ, ಹೊಂದಿಸಿದವನು. ಆಫೀಸಿನ ರಿಪೋರ್ಟಿನಲ್ಲೂ, ಊರಿಗೆ ಫೋನ್ ಮಾಡಿ 'ಆರಾಮಾಗಿದ್ದೀವಿ' ಎನ್ನುವಾಗಲೂ.

ಗಿರಾವೀನ್‌ನಲ್ಲಿ ಆ ಪುಸ್ತಕ ತಂದಾಗ ಮಗಳು ನಿಧಿಗೆ ಒಂಬತ್ತು ವರ್ಷ. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಮೊದಲ ಪ್ರಯೋಗ: ಬ್ಯಾಟರಿ, ತಂತಿ, ಒಂದು ರೆಸಿಸ್ಟರ್, ಎರಡು ಕಾಲುಗಳ ಪುಟಾಣಿ ಕೆಂಪು ದೀಪ. "ನಿಮ್ಮಪ್ಪ ಇಂಜಿನಿಯರ್ ಕಣೇ" ಎಂದು ಪುಸ್ತಕ ಪಕ್ಕಕ್ಕೆ ಸರಿಸಿ ಜೋಡಿಸಿದೆ. ಹತ್ತಲಿಲ್ಲ. ಅಲುಗಾಡಿಸಿದೆ, ಊದಿದೆ, ಬ್ಯಾಟರಿ ತಯಾರಿಸಿದವರನ್ನೆಲ್ಲ ಬೈದೆ, ಊಹೂಂ. ಹತ್ತಿರದ ಟೂಂಗಾಬಿಯ ಸ್ನೇಹಿತರ ಮನೆಗೆ ಹೊರಡಲು ಹೊತ್ತಾಗುತ್ತಿತ್ತು. ಪುಟದ ಕೆಳಗೆ 'ಏನು ಕಂಡಿರಿ?' ಎಂಬ ಪ್ರಶ್ನೆ, ಬರೆಯಲು ಖಾಲಿ ಜಾಗ.

"ಹತ್ತಿತು ಅಂತ ಬರಿ ಪುಟ್ಟಾ. ಹತ್ತಲೇಬೇಕು ತಾನೇ?" ಎಂದೆ.

ಪೆನ್ಸಿಲ್ ಹಿಡಿದು ನನ್ನ ಮುಖ ನೋಡಿದಳು. "ಬಟ್ ಇಟ್ ಡಿಡಂಟ್, ಅಪ್ಪಾ."

ರೇಗಿಬಿಟ್ಟೆ. ಥೂ, ಈಗಲೂ ನಾಚಿಕೆಯಾಗುತ್ತದೆ. "ಹೇಳಿದಷ್ಟು ಬರಿ" ಎಂದು ಗದರಿದೆ. ಅವಳು ಬರೆಯಲಿಲ್ಲ, ಪುಸ್ತಕ ಮುಚ್ಚಿಟ್ಟು ಶೂ ಹಾಕಿಕೊಂಡಳು. ಮತ್ತೆಂದೂ ಅದನ್ನು ಹಿಡಿದು ನನ್ನ ಬಳಿ ಬರಲಿಲ್ಲ, ನಾನೂ ಮರೆತಳೆಂದು ಹಾಯಾಗಿದ್ದೆ. ಈಗ ಹದಿನಾಲ್ಕು ಅವಳಿಗೆ. ಶಾಲೆಯ ವಿಷಯ ಏನು ಕೇಳಿದರೂ "ಫೈನ್, ಅಪ್ಪಾ" ಎಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ವಯಸ್ಸಿನ ದೋಷ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಅದೂ ಒಂದು ಹೊಂದಿಸಿದ ರೀಡಿಂಗೇ.

ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನ ಈ ಫ್ಲ್ಯಾಟಿನಲ್ಲಿ, ಕೆಳಗೆ ಟ್ರಾಮುಗಳು ಗಂಟೆ ಬಾರಿಸುತ್ತಿರಲು, ಆ ಪುಟ ತೆರೆದೆ. ಖಾಲಿ ಜಾಗದಲ್ಲಿ ಅವಳ ದುಂಡಕ್ಷರ: 'ಮೊದಲ ಸಲ ಹತ್ತಲಿಲ್ಲ. ಉದ್ದ ಕಾಲು ಪ್ಲಸ್ ಕಡೆಗಿರಬೇಕು. ಅಪ್ಪ ಉಲ್ಟಾ ಹಾಕಿದ್ದರು. ಈಗ ಹತ್ತಿತು.' ಇಂಥ ದೀಪ ಕರೆಂಟು ಒಂದೇ ದಿಕ್ಕಿನಲ್ಲಿ ಹರಿದರೆ ಮಾತ್ರ ಹತ್ತುತ್ತದೆಂದು ಪರೀಕ್ಷೆಯಲ್ಲಿ ಚಿತ್ರಸಮೇತ ಎರಡು ಪುಟ ಬರೆದವನು ನಾನು. ಅದು ಹತ್ತಿದಾಗ ನೋಡಲು ಅವಳು ನನ್ನನ್ನು ಕರೆದಿರಲಿಲ್ಲ.

ಪುಟ ಮಗುಚುತ್ತಾ ಹೋದೆ. ಕೊನೆಯ ಪ್ರಯೋಗದವರೆಗೂ ಎಲ್ಲ ಖಾಲಿ ಜಾಗಗಳೂ ತುಂಬಿವೆ. ಮೇಲಿನ ಆ 'ದೊಡ್ಡವರ ಸಹಾಯ'ದ ಕೆಂಪಕ್ಷರದ ಸಾಲನ್ನು ಮಾತ್ರ ಪ್ರತಿ ಪುಟದಲ್ಲೂ, ಸ್ಕೇಲಿಟ್ಟು, ಪೆನ್ಸಿಲಿನಿಂದ ನೀಟಾಗಿ ಹೊಡೆದುಹಾಕಿದ್ದಾಳೆ.