ವಾಚಕನ ಹೆಸರು ದೌಲತರಾಯ

ಸರಸಂಬಾ ಎಂಬ ಹಳ್ಳಿಯ ಅಮೃತಳಿಗೆ ಆರು ವರ್ಷವಾಗಿದ್ದಾಗ ದಡಾರ ಬಂದು ಎರಡೂ ಕಣ್ಣು ಹೋದವು. ದೂರದ ವಸತಿ ಶಾಲೆಯೊಂದರಲ್ಲಿ ಬ್ರೈಲ್ ಕಲಿತು, ಮೆಟ್ರಿಕ್ ಮುಗಿಸಿ ಊರಿಗೆ ಬರುವಷ್ಟರಲ್ಲಿ ಅಪ್ಪ, ಅವ್ವ ಇಬ್ಬರೂ ತೀರಿಹೋಗಿದ್ದರು. ಮನೆಯಲ್ಲಿ ಉಳಿದವರು ಅಣ್ಣ ದೌಲತರಾಯ ಮತ್ತು ಅವನ ಹೆಂಡತಿ ಗುರುಬಾಯಿ. ಹೇಗೋ ಪಿಯುಸಿ ಮುಗಿಯಿತು. ಎಂಬತ್ನಾಲ್ಕರಲ್ಲಿ ಅಮೃತ ಆಳಂದದ ಕಾಲೇಜೊಂದರಲ್ಲಿ ಬಿ.ಎ. ಸೇರಿದಳು.

ಕಾಲೇಜಿನ ಪುಸ್ತಕಗಳು ಬ್ರೈಲಿನಲ್ಲಿ ಇರಲಿಲ್ಲ. ಯಾರಾದರೂ ಓದಿ ಹೇಳಬೇಕು, ಅವಳು ಕೇಳುತ್ತ ಬ್ರೈಲ್ ಪಾಟಿಯ ಮೇಲೆ ಚುಕ್ಕೆ ಚುಚ್ಚಿ ಬರೆದುಕೊಳ್ಳಬೇಕು. ಅಂಗವಿಕಲ ವಿದ್ಯಾರ್ಥಿಗಳಿಗೆ ಸರಕಾರದ ಸ್ಕಾಲರ್‌ಶಿಪ್ ಇತ್ತು. ಕಣ್ಣಿಲ್ಲದವರಿಗೆ ಓದಿ ಹೇಳುವವರ ಸಲುವಾಗಿ ಅದರ ಜೊತೆಗೇ ಬೇರೆ ಹಣ ಬರುತ್ತಿತ್ತು. ವಾಚಕ ಯಾರೆಂದು ಆಫೀಸಿನಲ್ಲಿ ಕೇಳಿದಾಗ ದೌಲತರಾಯ ತನ್ನ ಹೆಸರು ಹೇಳಿದ. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ದಿನವೂ ಬಸ್ಸಿನಲ್ಲಿ ಕರೆತರುವವನು, ಕರೆದೊಯ್ಯುವವನು ಅವನೇ ತಾನೆ?

ದೌಲತರಾಯ ಕೆಟ್ಟವನಲ್ಲ. ಬಸ್ಸಿನಲ್ಲಿ ತಂಗಿಯನ್ನು ಯಾರಾದರೂ ಕುರುಡಿ ಅಂದರೆ ಜಗಳಕ್ಕೇ ನಿಲ್ಲುತ್ತಿದ್ದ. ಆದರೆ ಪಿಯುಸಿಯಲ್ಲಿ ಎರಡು ಸಲ ಫೇಲಾದವನಿಗೆ ಪುಸ್ತಕ ಕಂಡರೆ ಮೈ ಉರಿಯುತ್ತಿತ್ತು. ಅವಳನ್ನು ಕ್ಲಾಸಿನೊಳಗೆ ಕೂರಿಸಿ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದರೆ ಮತ್ತೆ ಬರುವುದು ಸಂಜೆಗೇ. ಮನೆಯಲ್ಲಿ ಪುಸ್ತಕ ಹಿಡಿದರೂ ಒಂದೆರಡು ಪುಟ ಓದುತ್ತಲೇ ಆಕಳಿಸುತ್ತಿದ್ದ.

"ಇದೇನ್ ಬರಂಗಿಲ್ಲ ಪರೀಕ್ಷಾಕ್ಕ. ಬಿಡು ಬೇ."

"ಬರ್ತದಣ್ಣಾ. ಸರ್ ಇದನ್ನೇ ಓದ್ಕೊಂಡು ಬಾ ಅಂದಾರ."

"ಸರ್‌ಗ ಏನ್ ಗೊತ್ತು," ಎಂದು ಪುಸ್ತಕ ಮುಚ್ಚಿಟ್ಟು ಏಳುತ್ತಿದ್ದ.

ಗೋಡೆಯ ಗೂಡಿನಲ್ಲಿ ಯಾವ ಪುಸ್ತಕವಿದೆ, ಅದರಲ್ಲಿ ಎಷ್ಟು ಪಾಠಗಳಿವೆ ಎಂಬುದು ಅಮೃತಳಿಗೆ ಗೊತ್ತು. ಕೈಗೆ ಎಟುಕುತ್ತಿದ್ದವು ಕೂಡ. ಎಟುಕಿದರೆ ಬಂದದ್ದೇನು? ಹಾಳೆ ತಿರುವಿ ನುಣುಪು ಸವರಿ ಇಟ್ಟುಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಹಾಗೆ ಹಾಳೆ ಸವರುತ್ತ ಕೂತಿದ್ದನ್ನು ಗುರುಬಾಯಿ ನೋಡಿದಳು. ಗುರುಬಾಯಿ ಜೇವರ್ಗಿ ಕಡೆಯ ನೆಲೋಗಿಯವಳು. ಏಳನೆಯ ಈಯತ್ತೆಗೆ ಶಾಲೆ ಬಿಡಿಸಿ ಮದುವೆ ಮಾಡಿದ್ದರು. ಮದುವೆಯಾದ ಮೇಲೆ ಅವಳು ಪುಸ್ತಕ ಮುಟ್ಟಿರಲಿಲ್ಲ.

"ಕೊಡು ಇಲ್ಲಿ, ನಾ ನೋಡ್ತೇನಿ," ಎಂದಳು. "ನನಗ ಜಲ್ದಿ ಓದಾಕ ಬರಂಗಿಲ್ಲ. ನಗಬ್ಯಾಡ ಮತ್ತ."

ಒಲೆಯ ಮುಂದೆ, ಕಾಳು ಹಸನು ಮಾಡುತ್ತ, ಎಳೆಯ ಮಗನಿಗೆ ಮೊಲೆ ಕೊಡುತ್ತ ಗುರುಬಾಯಿ ಫ್ರಾನ್ಸಿನ ಕ್ರಾಂತಿ ಓದಿದಳು. ಒತ್ತಕ್ಷರ ಬಂದಲ್ಲಿ ಎಡವುತ್ತಿದ್ದಳು, ಹೆಸರುಗಳನ್ನು ತಿರುಚುತ್ತಿದ್ದಳು. ಅಮೃತ ತಾಳ್ಮೆಯಿಂದ ಕೂತು ಚುಚ್ಚಿಕೊಳ್ಳುತ್ತಿದ್ದಳು. ಅಂಗಳದಲ್ಲಿ ದೌಲತರಾಯನ ಕೆಮ್ಮು ಕೇಳಿದೊಡನೆ ಪುಸ್ತಕ ಹಿಟ್ಟಿನ ಡಬ್ಬಿಯ ಹಿಂದೆ ಹೋಗುತ್ತಿತ್ತು. ಹೆಂಡತಿ ಓದಿದಳೆಂದು ಗೊತ್ತಾದರೆ ಅವನು ಸುಮ್ಮನಿರುವವನಲ್ಲ. ಅವನ ಹೆಸರಿನ ಕೆಲಸ ಅದು, ಅದರ ಹಣ ಬರುವುದೂ ಅವನಿಗೇ.

ಕೆಲವು ತಿಂಗಳಲ್ಲಿ ಗುರುಬಾಯಿಯ ಓದು ಹರಿಯತೊಡಗಿತು. ಒಂದು ದಿನ ಅವಳೇ ತಡೆಯಲಾರದೆ ಹೇಳಿದಳು: "ಆ ರಾಜಾನ ಕುತ್ಗಿ ಹಾರಸ್ತಾರ ನೋಡು. ನಾ ಮುಂದಿಂದು ನಿನ್ನೇನ ಓದ್ಕೊಂಡೀನಿ."

"ನನ್ನ ಬಿಟ್ಟು ಓದೀರೇನ್ರಿ ವೈನಿ?" ಎಂದು ಅಮೃತ ಅತ್ತಿಗೆಯನ್ನು ಛೇಡಿಸಿ ನಕ್ಕಳು.

ಎರಡನೆಯ ವರ್ಷ ಒಂದು ಸಂಜೆ ಪ್ರಿನ್ಸಿಪಾಲರು ಅಮೃತಳನ್ನು ಕೋಣೆಗೆ ಕರೆಸಿದರು. ಇತಿಹಾಸದಲ್ಲಿ ಒಳ್ಳೆಯ ಅಂಕ ಬಂದಿದ್ದವು, ಇಂಗ್ಲಿಷಿನಲ್ಲಿ ಏನೇನೂ ಇರಲಿಲ್ಲ. ಗುರುಬಾಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

"ಇಂಗ್ಲಿಷ್ ಯಾರೂ ಓದಿ ಹೇಳಂಗಿಲ್ಲೇನಮ್ಮಾ?" ಎಂದು ಅವರು ಕೇಳಿದರು. "ತೊಂದ್ರೆ ಇದ್ರ ಹೇಳು. ವಾಚಕನ್ನ ಬದಲ್ ಮಾಡಾಕ ಬರ್ತದ. ನಿಮ್ಮ ಕ್ಲಾಸಿನ ಹುಡುಗೀರನ್ನೇ ಇಡಬಹುದು."

ಬಾಗಿಲ ಬಳಿ ಅಣ್ಣನ ಚಪ್ಪಲಿ ಸರಿದ ಸದ್ದು ಅವಳಿಗೆ ಕೇಳಿಸಿತು. ಹೇಳಬೇಕೆಂದು ಬಾಯಿ ತೆರೆದಳು. ಹೇಳಿದರೆ ನಾಳೆ ಬಸ್ಸಿಗೆ ಕರೆತರುವವರು ಯಾರು? ಅವನು ಒಲ್ಲೆನೆಂದರೆ ಕಾಲೇಜೇ ಮುಗಿಯಿತು. ಇತಿಹಾಸ ಯಾರು ಓದಿದರೆಂದು ಕೇಳಿದರೆ ವೈನಿಯ ಗತಿ ಏನು?

"ಅಣ್ಣ ಓದ್ತಾನ್ರಿ," ಎಂದಳು. "ನಂದೇ ತಪ್ಪು ಅದರಿ. ಇಂಗ್ಲಿಷ್ ನನಗ ತಲಿಗೆ ಹತ್ತಂಗಿಲ್ಲ."

ಬಸ್ಸಿನಲ್ಲಿ ದೌಲತರಾಯ ಅವಳಿಗೆ ಶೇಂಗಾ ಕೊಡಿಸಿದ. ಅವಳು ಒಂದೊಂದೇ ಸುಲಿದು, ತಿನ್ನದೆ, ಮಡಿಲಲ್ಲಿಟ್ಟುಕೊಂಡು ಕೂತಳು.

ಇಂಗ್ಲಿಷನ್ನು ಕ್ಲಾಸಿನಲ್ಲಿ ಕೇಳಿದ್ದರ ಮೇಲೆಯೇ ಹೇಳಿ ಬರೆಸಿ, ಫೇಲಾದ ಪೇಪರಿಗೆ ಮತ್ತೆ ಕಟ್ಟಿ, ಕಡೆಗೂ ಅವಳು ಬಿ.ಎ. ಪಾಸಾದಳು. ಅಂಕಪಟ್ಟಿ ತರಲು ಹೋದ ದಿನ ಪ್ರಿನ್ಸಿಪಾಲರು ಅಣ್ಣ–ತಂಗಿ ಇಬ್ಬರನ್ನೂ ಕೂರಿಸಿ ಮಾತಾಡಿದರು. ಕಲಬುರ್ಗಿಯಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಬಹುದು. ಹಾಸ್ಟೆಲಿನಲ್ಲಿ ಇರುವವರಿಗೆ ಸ್ಕಾಲರ್‌ಶಿಪ್ ಹೆಚ್ಚು. ಓದಿ ಹೇಳಲು ಅಲ್ಲಿಯ ಹುಡುಗಿಯರೇ ಸಿಗುತ್ತಾರೆ, ದಿನವೂ ಬಸ್ಸು ಹತ್ತಿಸುವ ಕೆಲಸವೂ ಇಲ್ಲ. ದೌಲತರಾಯ "ನೋಡೋಣ್ರಿ ಸರ್" ಎಂದ. ಮನೆಗೆ ಬಂದವನೇ, "ಅಲ್ಲಿ ನಿನಗ ಯಾರದಾರ? ಇಷ್ಟ ಕಲ್ತಿದ್ದು ಸಾಕು," ಎಂದು ಹೊಲಕ್ಕೆ ಹೊರಟುಹೋದ.

ಅಮೃತ ಅಡುಗೆಮನೆಗೆ ಹೋಗಿ ಗುರುಬಾಯಿಯ ಪಕ್ಕದಲ್ಲಿ ಕೂತಳು.

"ವೈನಿ, ನೀವೊಂದು ಮಾತು ಹೇಳ್ರಿ. ಗಂಡುಮಗನ ತಾಯಿ ನೀವು. ನಿಮ್ಮ ಮಾತು ತೆಗದ್ಹಾಕಂಗಿಲ್ಲ ಅವ."

ಗುರುಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹೆಂಚಿನ ಮೇಲಿನದು ಸೀದ ವಾಸನೆ ಬಂತು. ಆದರೂ ಅವಳು ಕೈ ಆಡಿಸಲಿಲ್ಲ.

"ಹೇಳ್ಬೇಕಂತ ನನಗೂ ಅನಸ್ತದ," ಎಂದಳು. "ಬಾಯೇ ಬರವಲ್ದು. ನೀ ಹೋದ್ರ ನಾ ಯಾರ ಮುಂದ ಓದ್ಲಿ, ಅಮೃತಾ? ನಿನ್ನ ಹೆಸರಿನ ಮ್ಯಾಲೆ ಮನಿಯಾಗ ಪುಸ್ತಕ ಅದಾವ. ನೀ ಹೋದ್ರ ಅವೂ ಹೋದಂಗ. ಈ ಮನ್ಯಾಗ ನಾ ಮತ್ತ ಹಂಗೇ ಒಲಿ ಮುಂದ."

ಅಣ್ಣ ಬೇಡವೆಂದಾಗ ಅಮೃತಳಿಗೆ ಸಿಟ್ಟು ಬಂದಿತ್ತು. ಈ ಮಾತಿಗೆ ಸಿಟ್ಟು ಮಾಡಲೂ ಆಗಲಿಲ್ಲ. ತನಗಾಗಿ ಕದ್ದು ಓದಿದ ದನಿಯೇ ಈಗ ಹೋಗಬೇಡವೆನ್ನುತ್ತಿತ್ತು. ಅವಳು ವೈನಿಯ ತೊಡೆಯ ಮೇಲೆ ಕೈಯೂರಿ ಎದ್ದು ಹೋದಳು. ಆ ಕೈಗೆ ಹತ್ತಿದ ಜೋಳದ ಹಿಟ್ಟನ್ನು ಸಂಜೆಯವರೆಗೂ ತೊಳೆದುಕೊಳ್ಳಲಿಲ್ಲ.

ಗುರುಬಾಯಿ ಆಮೇಲೆ ಮನಸ್ಸು ಗಟ್ಟಿ ಮಾಡಿ ಗಂಡನಿಗೆ ಹೇಳಿದ್ದೂ ಉಂಟು. ಅಷ್ಟರಲ್ಲಿ ಅರ್ಜಿಯ ತಾರೀಖು ಮುಗಿದಿತ್ತು. "ಮುಂದಿನ ವರ್ಷ ನೋಡೂನು" ಎಂದ ದೌಲತರಾಯ. ಮುಂದಿನ ವರ್ಷವೂ ಅದನ್ನೇ ಅಂದ. ಮೂರನೆಯ ವರ್ಷ ಅಮೃತ ಕೇಳಲಿಲ್ಲ.

ತೊಂಬತ್ಮೂರರಲ್ಲಿ ಅಂಗವಿಕಲರಿಗೆ ಎಸ್‌ಟಿಡಿ ಬೂತ್ ಕೊಡುತ್ತಾರೆಂಬ ಸುದ್ದಿ ಬಂತು. ಈ ಸಲ ದೌಲತರಾಯ ತಡಮಾಡದೆ ಓಡಾಡಿದ. ಆಳಂದದ ಬಸ್‌ಸ್ಟ್ಯಾಂಡಿನ ಬಳಿ ಅಮೃತಳ ಹೆಸರಿನಲ್ಲಿ ಬೂತ್ ಆಯಿತು. ಗಲ್ಲಾಪೆಟ್ಟಿಗೆಯ ಮುಂದೆ ಅವನು ಕೂರುತ್ತಿದ್ದ. ಬೂತನ್ನು ಅವಳೇ ನಡೆಸುತ್ತಾಳೋ ಎಂದು ಟೆಲಿಫೋನ್ ಇಲಾಖೆಯ ಸಾಹೇಬರು ಯಾವಾಗ ನೋಡಲು ಬರುತ್ತಾರೋ ಹೇಳಲಾಗದು. ಅದಕ್ಕೇ ರಸ್ತೆಗೆ ಕಾಣುವಂತೆ ಬಾಗಿಲಲ್ಲಿ ಕುರ್ಚಿ ಹಾಕಿ ತಂಗಿಯನ್ನು ಕೂರಿಸಿದ್ದ. ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಿಂದ ಏಳುವಂತಿರಲಿಲ್ಲ. ಬಂದವರು ಅವಳಿಗೆ "ಆರಾಮ್ ಇದ್ದೀರಿ?" ಎಂದು ಕೇಳಿ ದುಡ್ಡನ್ನು ಅವನ ಕೈಗೆ ಕೊಡುತ್ತಿದ್ದರು. ಅವಳು ಆರಾಮೆನ್ನುತ್ತಿದ್ದಳು. ಬೆನ್ನ ಹಿಂದೆ, ಗಾಜಿನ ಗೂಡಿನೊಳಗೆ, ಜನ ಸೋಲಾಪುರಕ್ಕೆ, ಪುಣೆಗೆ, ಮುಂಬೈಗೆ ಫೋನು ಹಚ್ಚಿ ಗಟ್ಟಿಯಾಗಿ ಮಾತಾಡುತ್ತಿದ್ದರು.