ಮೀಟಿಂಗ್‌ನಲ್ಲಿ ಸೋತ ತಂಡ

ಕಳೆದ ವಾರ ನಾನು ಹನ್ನೊಂದು ಹುಡುಗಿಯರ ಸೆಮಿಫೈನಲ್ ಕಸಿದುಕೊಂಡೆ. ಬರೀ ಕೈ ಎತ್ತಿ.

ಧಾರವಾಡದಲ್ಲಿ ಕಾಲೇಜು ಹುಡುಗಿಯರ ಫುಟ್‌ಬಾಲ್ ಟೂರ್ನಿ ನಡೆದಿತ್ತು. ಮಳೆ ಬಂದು ಕೊನೆಯ ಲೀಗ್ ಪಂದ್ಯಗಳೆಲ್ಲ ರದ್ದಾದವು. ಸೆಮಿಫೈನಲ್‌ಗೆ ಮೂರು ತಂಡಗಳು ಖಚಿತ. ನಾಲ್ಕನೆಯದು ಯಾವುದು? ಆರಿಸಲು ಒಂದು ಸಮಿತಿ ಆಯಿತು. ನಿವೃತ್ತ ದೈಹಿಕ ಶಿಕ್ಷಕರಾದ ಹಿರೇಮಠ ಸರ್, ಕಪ್ ಕೊಡಿಸಿದ ಹತ್ತಿ ವ್ಯಾಪಾರಿ ಸಾವಕಾರ್ರು, ಮತ್ತು ನಾನು. ನನ್ನ ಅರ್ಹತೆ? ಕಾಲೇಜಿನಲ್ಲಿ ಗೋಲ್‌ಕೀಪರ್ ಆಗಿದ್ದೆ. (ಹೆಚ್ಚಾಗಿ ಬೆಂಚಿನ ಮೇಲೆ.)

ಪೈಪೋಟಿ ನವನಗರದ ಕಾಲೇಜಿಗೂ ಗಬ್ಬೂರಿನ ಕಾಲೇಜಿಗೂ. ಪಾಯಿಂಟ್ ಸಮ. ಗೋಲಿನ ಲೆಕ್ಕವೂ ಸಮ. (ಫುಟ್‌ಬಾಲ್ ದೇವರಿಗೂ ಆಗಾಗ ತಮಾಷೆ ಬೇಕಾಗುತ್ತದೆ.) ಇಬ್ಬರೂ ಎದುರುಬದುರಾಗಬೇಕಿದ್ದ ಪಂದ್ಯವನ್ನೇ ಮಳೆ ನುಂಗಿತ್ತು.

"ಡ್ರಾ ಆಗ್ಯಾವ ಖರೆ, ನವನಗರದವರು ಒಂದೂ ಸೋತಿಲ್ಲ" ಅಂದರು ಸಾವಕಾರ್ರು.

"ಆಡಿದ್ದು ಯಾರ ಕೂಡ್ರೀ? ಎಲ್ಲಾ ಸಣ್ಣ ಟೀಮ್. ಗಬ್ಬೂರಿನವರು ಸೋತಿದ್ದು ಎಲ್ಲಾರಕಿಂತ ಗಟ್ಟಿ ಟೀಮಿಗೆ, ಅದೂ ಒಂದ ಗೋಲಿಗೆ" ಅಂದರು ಹಿರೇಮಠ ಸರ್.

ಇಬ್ಬರೂ ನನ್ನ ಕಡೆ ನೋಡಿದರು. ತಿನ್ನಲು ತರಿಸಿದ್ದ ಗಿರಮಿಟ್ ಮಂಡಕ್ಕಿ ಮೆತ್ತಗಾಗುತ್ತಿತ್ತು. ಸೋಲದವರನ್ನು ಹೊರಗಿಡುವುದು ಹೇಗೆ? ನವನಗರಕ್ಕೆ ಕೈ ಎತ್ತಿದೆ.

ಆಯ್ಕೆಯಾದ ತಂಡದ ಹೆಸರು ಓದುತ್ತಿದ್ದಂತೆ ಗಬ್ಬೂರಿನ ಕ್ಯಾಪ್ಟನ್ ಶಬಾನಾ ನೇರ ನಮ್ಮ ಟೇಬಲ್‌ಗೆ ಬಂದಳು. ಕಣ್ಣು ತುಂಬಿದ್ದವು. ದನಿ ಮಾತ್ರ ಗಟ್ಟಿ.

"ನಾವು ಎಲ್ಲಿ ಕಡಿಮಿ ಬಿದ್ವಿ, ಅಷ್ಟ ಹೇಳ್ರಿ ಮೇಡಂ."

"ಹಂಗಲ್ಲವ್ವಾ, ಎಲ್ಲಾ ವಿಚಾರ ಮಾಡಿ..." ಅಂದೆ ನಾನು.

"ಯಾರ ಕೂಡ ಸೋತ್ರಿ ಅಂತ ಮನ್ಯಾಗ ಕೇಳ್ತಾರ. ಮೀಟಿಂಗಿನ ಕೂಡ ಸೋತ್ವಿ ಅಂತ ಹೇಳೂನೇನ್ರಿ?"

ಮೂವರು ಹಿರಿಯರು. ಮೂವರೂ ಟೇಬಲ್ ಮೇಲಿನ ಕಾಗದ ಜೋಡಿಸತೊಡಗಿದೆವು.

ಉತ್ತರ ಬಂದದ್ದು ಹಿಂದಿನಿಂದ. ನವನಗರದ ಕ್ಯಾಪ್ಟನ್ ಪಲ್ಲವಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಸರ್, ಇವ್ರ ಕೂಡ ಒಂದು ಮ್ಯಾಚ್ ಆಡ್ತೇವ್ರಿ. ಗೆದ್ದಾವ್ರು ಸೆಮಿಫೈನಲ್‌ಗೆ ಹೋಗ್ಲಿ."

ಅವಳ ಕೋಚ್ ಗಾಬರಿಯಾದರು. "ಏ ಹುಚ್ಚಿ, ಸಿಕ್ಕಿದ್ದನ್ನ ಯಾಕ ಬಿಡ್ತಿ?"

"ಹಿಂಗ ಒಳಗ ಹೋದ್ರ ನಮಗ ಮೀಟಿಂಗ್ ಟೀಮ್ ಅಂತಾರ್ರಿ ಸರ್. ಅದು ಬ್ಯಾಡ."

ಅವಳ ತಂಡದ ಅರ್ಧ ಹುಡುಗಿಯರು ಅವಳನ್ನು ನುಂಗುವಂತೆ ನೋಡಿದರು. ಇನ್ನರ್ಧ ಆಗಲೇ ಶೂ ಲೇಸ್ ಬಿಗಿಯುತ್ತಿದ್ದರು. ಹಿರೇಮಠ ಸರ್ ಎದ್ದು ನಿಂತು, "ಮುಂಜಾನೆ ಲಗೂ ಬರ್ರಿ ಎಲ್ಲಾರೂ" ಅಂದರು. ಸಮಿತಿಗೆ ಅಷ್ಟು ಖುಷಿಯಾದದ್ದು ಅದೇ ಮೊದಲು.

ಮರುದಿನ ಮೈದಾನವೆಲ್ಲ ಕೆಸರು. ಚೆಂಡಿಗಿಂತ ಹುಡುಗಿಯರೇ ಹೆಚ್ಚು ಉರುಳಿದರು. ಶಬಾನಾ ಒದ್ದ ಒಂದು ಚೆಂಡು ಗೋಲ್ ಕಂಬಕ್ಕೆ ಬಡಿದು ವಾಪಸ್ ಬಂತು. ನಾನು ತಲೆ ಹಿಡಿದುಕೊಂಡೆ. (ಸಮಿತಿ ಸದಸ್ಯರು ಹಾಗೆ ಮಾಡಬಾರದು, ಗೊತ್ತು.) ಆಟ ಇನ್ನೇನು ಮುಗಿಯಬೇಕು, ಪಲ್ಲವಿಯ ತಂಡದವಳೊಬ್ಬಳು ತಲೆಯಿಂದ ಚೆಂಡು ಒಳಗೆ ತಳ್ಳಿದಳು. ನವನಗರ ಗೆದ್ದಿತು.

ಶಬಾನಾ ಕೆಸರಲ್ಲೇ ಕೂತುಬಿಟ್ಟಳು. ಸ್ವಲ್ಪ ಹೊತ್ತಿಗೆ ಎದ್ದಳು, ಹೋಗಿ ಪಲ್ಲವಿಯನ್ನು ಅಪ್ಪಿಕೊಂಡಳು. "ಕಪ್ ತಗೊಂಡ ಬರ್ರೀ. ಚಾಂಪಿಯನ್ನರ ಕೂಡ ಸೋತ್ವಿ ಅಂತ ಹೇಳ್ಕೊಳ್ಳಾಕ ಛಲೋ ಇರ್ತೈತಿ!" ಇಬ್ಬರೂ ಬಿದ್ದು ಬಿದ್ದು ನಕ್ಕರು.

ಕಪ್ ಬರಲಿಲ್ಲ. ದಣಿದ ಕಾಲಿನ ನವನಗರ ಸೆಮಿಫೈನಲ್‌ನಲ್ಲಿ ಸೋತಿತು. ಆದರೆ ಗೆರೆಯಾಚೆ ನಿಂತು ಗಂಟಲು ಹರಿಯುವಂತೆ ಅವರಿಗಾಗಿ ಕೂಗಿದ್ದು ಯಾರು? ಗಬ್ಬೂರಿನ ಹುಡುಗಿಯರು.

"ನೋಡ್ರಿ, ಕಡೀಕ ನಾವು ಆರಿಸಿದ ಟೀಮ ಗೆದ್ದು ಒಳಗ ಹೋತಲ್ಲ! ಸುಮ್ನ ಒಂದು ಮ್ಯಾಚ್ ಆಡಿಸಿದಂಗಾತು" ಅಂದರು ಸಾವಕಾರ್ರು.

ಫಲಿತಾಂಶ ಅದೇ, ಒಪ್ಪಿದೆ. ಆದರೆ ನಮ್ಮ ತೀರ್ಮಾನ ಕೇಳಿ ಕಣ್ಣೀರು ತಂದುಕೊಂಡವಳು, ಅದೇ ತೀರ್ಮಾನವನ್ನು ಮೈದಾನ ಹೇಳಿದಾಗ ನಕ್ಕಳಲ್ಲ, ಅದಕ್ಕೇನಂತೀರಿ?